ಬಿಳಿ ಗೂಡುದೀಪಕ್ಕೆ ಅಕ್ಕನ ಹೆಸರು

ಕ್ಯೊಂಗ್‌ಜು, ಸೋಮವಾರ

ಅಕ್ಕಾ,

ಫೋನ್ ಮಾಡಿದರೆ ನನ್ನ ಹೆದರಿಕೆಯನ್ನು ದನಿಯಲ್ಲೇ ಹಿಡಿದುಬಿಡುತ್ತೀಯೆಂದು ಈ ಕಾರ್ಡು. ನಮ್ಮ ಬೀದಿಯ ಹೆಂಗಸರೆಲ್ಲ ಚೆರ್ರಿ ಹೂವು ನೋಡಲು ಬಂದವರು ಬೆಟ್ಟದ ಮೇಲಿನ ಬುದ್ಧನ ಗುಡಿಗೂ ಹೋದೆವು. ಬುದ್ಧ ಹುಟ್ಟಿದ ಹಬ್ಬಕ್ಕೆಂದು ಅಂಗಳದ ತುಂಬ ಆಗಲೇ ಕಾಗದದ ಗೂಡುದೀಪಗಳು. ಮುಂದಿನ ಗುರುವಾರದ ನಿನ್ನ ಆಪರೇಷನ್ ನೆನಪಾಗಿ, ಚರ್ಚಿಗೆ ಹೋಗುವವಳಾದರೂ, ಯಾರಿಗೂ ಕಾಣದಂತೆ ನಿನ್ನ ಹೆಸರಿನ ಚೀಟಿ ಬರೆದು ಒಂದು ದೀಪಕ್ಕೆ ಕಟ್ಟಿದೆ. ಬಿಳಿಯದು, ಹೂವಿನ ಹಾಗೆ ಚೆನ್ನಾಗಿತ್ತು.

ಬಸ್ಸು ಹತ್ತಿದ ಮೇಲೆ ಪಕ್ಕದ ಮನೆಯ ಮ್ಯೊಂಗ್‌ಸುನ್‌ಗೆ ಹೇಳಿದೆ. "ಅಯ್ಯೋ ಪೆದ್ದೀ, ಬಿಳೀದು ಸತ್ತೋರಿಗೆ ಕಣೇ! ಬದುಕಿರೋರಿಗೆ ಬಣ್ಣದ್ದು. ನಿಮ್ಮಕ್ಕನ್ನ ಈಗ್ಲೇ ಕಳಿಸಿಬಿಟ್ಯಾ?" ಎಂದಳು. ಬಸ್ಸು ನಿಲ್ಲಿಸಿ, ಡ್ರೈವರ್ ಬೈಯುತ್ತಿದ್ದರೂ, ಮಂಡಿನೋವಿನಲ್ಲೇ ಮತ್ತೆ ಬೆಟ್ಟ ಹತ್ತಿದೆ.

ಗುಡಿಯ ಸನ್ಯಾಸಿನಿ ನಕ್ಕುಬಿಟ್ಟರು. "ವರ್ಷಾ ವರ್ಷಾ ಚರ್ಚಿನೋರು ಯಾರಾದ್ರೂ ಹೀಗೆ ಮಾಡ್ತಾರೆ ತಾಯಿ" ಎನ್ನುತ್ತ ನಿನ್ನ ಚೀಟಿ ಬಿಚ್ಚಿ ಹಳದಿ ದೀಪಕ್ಕೆ ಕಟ್ಟಿದರು. ಆದರೂ ಒಂದು ಗಂಟೆ ನೀನು ಸತ್ತವರ ಸಾಲಿನಲ್ಲಿ ತೂಗಾಡಿದೆಯಲ್ಲ, ಅದೇ ನನ್ನನ್ನು ಕೊರೆಯುತ್ತಿದೆ.

ಆಪರೇಷನ್ನಿನ ಹಿಂದಿನ ರಾತ್ರಿಯಿಂದ ನೀರೂ ಮುಟ್ಟಬೇಡ. ಭಾವನಿಗೆ ಇದನ್ನು ತೋರಿಸಬೇಡ, ಸೀದಾ ಪಾದ್ರಿಗಳ ಕಿವಿಗೆ ಹಾಕುತ್ತಾರೆ. ಬಸ್ಸು ಹಾರ್ನ್ ಹೊಡೆಯುತ್ತಿದೆ.

ಖಾಲಿಯಾದ ಬಿಳಿ ದೀಪಕ್ಕೆ ಅಮ್ಮನ ಹೆಸರು ಬರೆದೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ: "ಅಮ್ಮಾ, ಅಕ್ಕನ್ನ ಈಗ್ಲೇ ಕರ್ಕೋಬೇಡ."

ಗುಮ್‌ಜಾ