ಬಾಯಿಂದ ಬಾಯಿಗೆ ಹೋಗುವ ಲಾಳಿ

ಕೈಮಗ್ಗ ಶೆಡ್ಡುಗಳ ತನಿಖಾಧಿಕಾರಿಗಳ ಸನ್ನಿಧಾನಕ್ಕೆ

ಮಾನ್ಯರೇ,

ನಿಮ್ಮ ಆದೇಶ ಬಂದ ಮೇಲೆ ನಮ್ಮ ಶೆಡ್ಡಿನಲ್ಲಿ ಕ್ಷಯ ಕಡಿಮೆಯಾಗಿಲ್ಲ. ಕ್ಷಯವಿದೆ ಎಂದು ಬಾಯಿಬಿಡುವವರು ಕಡಿಮೆಯಾಗಿದ್ದಾರೆ. ಇದನ್ನು ತಿಳಿಸಲು ಮೂರು ಅರ್ಜಿ ಬರೆದೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ ಬಂತು. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಸಿಟ್ಟು ಬಂದಿದೆ ಎಂದುಕೊಳ್ಳಬೇಡಿ, ಸಿಟ್ಟಾಗುವಷ್ಟು ತ್ರಾಣ ಈಗ ನನ್ನಲ್ಲಿಲ್ಲ. ಸಾಕಾಗಿಹೋಗಿದೆ, ಅಷ್ಟೆ.

ನಾನು ಮೇಲುಕೋಟೆ ರಸ್ತೆಯ ಪಕ್ಕದ ಹನ್ನೆರಡು ಮಗ್ಗದ ಶೆಡ್ಡಿನ ಮೇಸ್ತ್ರಿ. ವರ್ಷಕ್ಕೊಂದೆರಡು ಸಲ ನೀವು ಜೀಪಿನಲ್ಲಿ ಬಂದು, ಬಾಗಿಲಲ್ಲೇ ನಿಂತು, ಎಳನೀರು ಕುಡಿದು ಹೋಗುವ ಜಾಗ ಅದು. ಒಳಗೆ ಬಂದು ಅರ್ಧ ಗಂಟೆ ಕೂತಿದ್ದರೆ ಒಂದು ಸಂಗತಿ ತಾನಾಗಿ ಕಾಣುತ್ತಿತ್ತು. ಮಗ್ಗದಲ್ಲಿ ನೂಲನ್ನು ಅತ್ತಿಂದಿತ್ತ ಒಯ್ಯುವ ಮರದ ತುಂಡಿಗೆ ಲಾಳಿ ಎನ್ನುತ್ತೇವೆ. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತು. ಒಳಗಿನ ನೂಲು ಮುಗಿದಾಗಲೆಲ್ಲ ಹೊಸ ನೂಲಿಟ್ಟು, ಆ ತೂತಿಗೆ ತುಟಿ ಹಚ್ಚಿ, ಉಸಿರೆಳೆದು ಅದರ ತುದಿಯನ್ನು ಹೊರಗೆ ತರುತ್ತೇವೆ. ದಿನಕ್ಕೆ ಐವತ್ತು ಅರವತ್ತು ಸಲ. ಹನ್ನೆರಡು ಮಗ್ಗಕ್ಕೆ ಸರಿಯಾಗಿ ಓಡುವ ಲಾಳಿಗಳು ಒಂಬತ್ತು. ಹೀಗಾಗಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಅವು ಹೋಗುತ್ತಲೇ ಇರುತ್ತವೆ.

ನಮ್ಮ ಮಡಿಮೈಲಿಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಇನ್ನೊಬ್ಬರು ಕಚ್ಚಿ ಕುಡಿದ ಲೋಟವನ್ನು ಹುಣಿಸೆಹಣ್ಣು ಹಾಕಿ ಬೆಳಗದೆ ಮುಟ್ಟದ ಜನ ನಾವು. ಆದರೆ ಲಾಳಿಯೂ ಎಂಜಲಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಅನಿಸಿಲ್ಲ. ಆಯುಧಪೂಜೆಯ ದಿನ ಕುಂಕುಮ ಇಟ್ಟು ಕೈಮುಗಿಯುವ ವಸ್ತುವಿಗೆ ಎಂಥ ಎಂಜಲು? ಹಾಗೆ ನೇಯ್ದ ಪಂಚೆಯನ್ನೇ ಮೇಲುಕೋಟೆ ಬೆಟ್ಟದ ದೇವಸ್ಥಾನದಲ್ಲಿ ಮಡಿಯೆಂದು ಉಡುತ್ತಾರೆ. ನನ್ನ ತಾತ ಹೀಗೇ ನೇಯ್ದರು, ನಾನೂ ನಲವತ್ತು ವರ್ಷ ಹೀಗೇ ನೇಯ್ದೆ. ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ರೋಗ ತಡೆಯುತ್ತೇವೆಂದು ಆದೇಶ ಹೊರಡಿಸಿದ ತಮಗೂ ಲಾಳಿಯ ನೆನಪಾಗಲಿಲ್ಲವೇ?

ಆ ಆದೇಶ ಬಂದದ್ದು ಹೋದ ವರ್ಷ, ೧೯೯೫ರ ಆಷಾಢದಲ್ಲಿ. 'ಕೆಲಸದ ಸ್ಥಳದಲ್ಲಿ ಸಾಂಕ್ರಾಮಿಕ ರೋಗ ಹರಡದಂತೆ ತಡೆಗಟ್ಟುವ ಬಗ್ಗೆ' ಎಂಬ ಗಂಭೀರವಾದ ತಲೆಬರಹ. ಕೆಳಗೆ ಒಂದೇ ಪರಿಹಾರ: ಕ್ಷಯದ ಮಾತ್ರೆ ಪಡೆಯುತ್ತಿರುವವರನ್ನು ಕೂಡಲೇ ಕೆಲಸದಿಂದ ಬಿಡಿಸತಕ್ಕದ್ದು, ಮತ್ತೆ ಸೇರಿಸಿಕೊಳ್ಳತಕ್ಕದ್ದಲ್ಲ. ಎಷ್ಟು ಸುಲಭ ನೋಡಿ. ಮಾತ್ರೆ ತಿನ್ನುವವರು ಮನೆಗೆ, ತಿನ್ನದೆ ಕೆಮ್ಮುವವರು ಮಗ್ಗಕ್ಕೆ. ಪಾಂಡವಪುರದ ಡಾಕ್ಟರಿಗೆ ಅದನ್ನು ತೋರಿಸಿದೆ. ಎರಡು ಸಲ ಓದಿದರು. "ಮಾತ್ರೆ ಶುರು ಮಾಡಿ ಕೆಲವು ವಾರ ಆದ್ಮೇಲೆ ಸಾಮಾನ್ಯವಾಗಿ ಅವರಿಂದ ಹರಡೋದಿಲ್ಲ ಕಣಯ್ಯ. ಮಾತ್ರೆ ತಗೊಳ್ಳದೆ ಬಚ್ಚಿಟ್ಕೊಂಡಿರ್ತಾರಲ್ಲ, ಅವರಿಂದ ಹರಡೋದು. ಇದನ್ನ ಯಾರು ಬರೆದದ್ದು?" ಎಂದರು. ತಮ್ಮ ಹುದ್ದೆ ಹೇಳಿದೆ. ಕಾಗದವನ್ನು ಮಡಚಿ ವಾಪಸು ಕೊಟ್ಟರು.

ಏಳನೇ ಮಗ್ಗದ ಮಾಯಮ್ಮ ಆಗಲೇ ಕೆಮ್ಮುತ್ತಿದ್ದಳು. ಆಸ್ಪತ್ರೆಗೆ ಹೋಗವ್ವ ಎಂದೆ. "ಓದ್ರೆ ಎಸ್ರು ಬರ್ಕತಾರೆ ಕಣಣ್ಣ. ಎಸ್ರು ಬರ್ಕಂಡ್ರೆ ಮಗ್ಗ ಓಯ್ತದೆ. ದೂಳ್ಗೆ ಬಂದಿರೋ ಕೆಮ್ಮು, ಬುಡು" ಎಂದಳು. ನಾನೂ ಬಿಟ್ಟೆ. ಐದು ತಿಂಗಳು ಸೆರಗಿನೊಳಗೆ ಕೆಮ್ಮಿಕೊಂಡೇ ನೇಯ್ದು, ಕೊನೆಗೆ ಬೂಕನಕೆರೆಯ ತವರಿಗೆ ಹೋಗಿ, ಸಂಕ್ರಾಂತಿಗೆ ಮುಂಚೆ ತೀರಿಕೊಂಡಳು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕೆಮ್ಮಿ ಸುಸ್ತಾಗಿ ಅವಳು ಗೋಡೆಗೆ ಒರಗಿದಾಗಲೆಲ್ಲ ಅವಳ ಲಾಳಿಯನ್ನು ಪಕ್ಕದ ಮಗ್ಗದ ರಂಜಿತಳಿಗೆ ಎತ್ತಿಕೊಡುತ್ತಿದ್ದವನು ನಾನು. ಒಳ್ಳೆಯ ಲಾಳಿ ಸುಮ್ಮನೆ ಬಿದ್ದಿರಬಾರದಲ್ಲ. ಒರೆಸಿಯೂ ಕೊಡಲಿಲ್ಲ.

ಈಗ ರಂಜಿತಳಿಗೂ ಅದೇ ಕಾಯಿಲೆ. ಲಾಳಿಯಿಂದ ಬಂತೋ, ಪಕ್ಕದಲ್ಲಿ ಕೂತು ಅದೇ ಗಾಳಿ ಕುಡಿದದ್ದರಿಂದ ಬಂತೋ ಹೇಳಲಾಗದು ಎಂದರು ಡಾಕ್ಟರು. ನನಗೆ ಸಮಾಧಾನವಾಗಲಿ ಎಂದು ಹೇಳಿರಬಹುದು. ಆಗಲಿಲ್ಲ. ಅಂದಹಾಗೆ, ರಂಜಿತ ಎಂಬುದು ಈ ಪತ್ರಕ್ಕಾಗಿ ನಾನಿಟ್ಟ ಹೆಸರು. ಮಾಯಮ್ಮನ ಮಗ್ಗದ ಸಂಖ್ಯೆಯನ್ನೂ ಬದಲಿಸಿದ್ದೇನೆ. ದಯವಿಟ್ಟು ಹಾಜರಿ ಪುಸ್ತಕ ತರಿಸಿಕೊಂಡು ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ.

ಮಾಯಮ್ಮ ಹೋದ ಮೇಲೆ ನಾವೇನೂ ಕೈಕಟ್ಟಿ ಕೂತಿರಲಿಲ್ಲ. ನಮ್ಮಲ್ಲಿ ನೇಯುವ ಅಮೀನಾಬೀ ಒಂದು ಉಪಾಯ ಹೂಡಿದಳು. ಶ್ರೀರಂಗಪಟ್ಟಣದಲ್ಲಿ ಸೈಕಲ್ ಷಾಪ್ ಇಟ್ಟಿರುವ ಅವಳ ತಮ್ಮ ಮುಖ್ತಾರ್ ಅಹಮದ್, ಹಳೇ ಬ್ರೇಕ್ ವೈರಿನ ಎಳೆ ಬಿಡಿಸಿ, ಮಡಿಸಿ, ಹನ್ನೆರಡು ಸಣ್ಣ ಕೊಕ್ಕೆ ಮಾಡಿಕೊಟ್ಟ. "ತೂತಲ್ಲಿ ತೂರ್ಸಿ, ನೂಲು ಸಿಕ್ಸಿ, ಎಳ್ಕೊಳ್ಳಿ, ಬಸ್. ಇದಕ್ಕೆ ಬಾಯಿ ಯಾಕಣ್ಣ? ಬಾಯಿ ಇರೋದು ಎಲೆ ಅಡಿಕೆಗೆ" ಎಂದು ಎಲ್ಲರನ್ನೂ ನಗಿಸಿದಳು. ಹದಿನೈದು ದಿನ ಶೆಡ್ಡಿನಲ್ಲಿ ಒಬ್ಬರೂ ಲಾಳಿಗೆ ತುಟಿ ಹಚ್ಚಲಿಲ್ಲ. ಆಮೇಲೆ ತಮ್ಮ ಜೀಪು ಬಂತು. ಮಂಜೂರಾಗದ ಸಲಕರಣೆ ಬಳಸಿದ್ದಕ್ಕೆ ನನಗೆ ನೋಟಿಸು ಕೊಟ್ಟು, ಹನ್ನೆರಡೂ ಕೊಕ್ಕೆಗಳನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಒಯ್ದಿರಿ. ಅವು ಈಗ ಯಾವ ಬೀರುವಿನಲ್ಲಿ ಕ್ಷೇಮವಾಗಿವೆ, ತಿಳಿಸುವಿರಾ? ಬದಲಿಗೆ ಕಳಿಸಿದ್ದು ಒಂದು ಭಿತ್ತಿಪತ್ರ: ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯಿರಿ. ಎರಡು ಕೈಗೂ ಎರಡು ಕಾಲಿಗೂ ಕೆಲಸವಿರುವ ಮಗ್ಗದಲ್ಲಿ ಕರವಸ್ತ್ರವನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂಬುದನ್ನೂ ಅದರಲ್ಲೇ ಬರೆಸಿದ್ದರೆ ಉಪಕಾರವಾಗುತ್ತಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಆ ಆದೇಶವನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಎಲ್ಲ ಶೆಡ್ಡುಗಳಿಂದಲೂ ವಾಪಸು ತೆಗೆದುಕೊಳ್ಳಿ. ಮಾತ್ರೆ ತಿನ್ನುವವರಿಗೆ ಡಾಕ್ಟರು ಹೇಳಿದಷ್ಟು ವಾರ ರಜೆ ಕೊಟ್ಟು, ಮತ್ತೆ ಅದೇ ಮಗ್ಗ ಕೊಡಿ. ತಲೆಗೊಂದು ಲಾಳಿ ಕೊಡಿ. ಅದು ಆಗದಿದ್ದರೆ ಮುಖ್ತಾರನ ಕೊಕ್ಕೆಗಳನ್ನಾದರೂ ಹಿಂದಕ್ಕೆ ಕಳಿಸಿ, ಅರಗು ನಾವೇ ಕೆರೆದುಕೊಳ್ಳುತ್ತೇವೆ.

ಬರುವ ಸೋಮವಾರ ರಂಜಿತ ಆಸ್ಪತ್ರೆಯಲ್ಲಿ ಮಾತ್ರೆಯ ಕಾರ್ಡು ಬರೆಸಬೇಕು. ಆರು ತಿಂಗಳು ತಪ್ಪದೆ ಮಾತ್ರೆ ತಿಂದರೆ ಗುಣವಾಗುತ್ತಾಳಂತೆ. ನಿನ್ನೆ ನಾನು ಶೆಡ್ಡಿಗೆ ಬೀಗ ಹಾಕುವಾಗ ಬಾಗಿಲ ಹತ್ತಿರ ನಿಂತಿದ್ದಳು. "ಮಾತ್ರೆ ತಿಂದ್ರೆ ಮಗ್ಗ ಓಯ್ತದೆ. ಮಗ್ಗ ಇಟ್ಕಂಡ್ರೆ ನಾನ್ ಓಯ್ತೀನಿ. ಮಗೀಗೆ ಎಲ್ಡೂ ಬೇಕಲ್ಲಣ್ಣ. ನೀವೇ ಒಂದ್ ಯೋಳಿ, ಅಂಗೇ ಮಾಡ್ತೀನಿ" ಎಂದಳು. ಸೋಮವಾರ ಹೋಗಿ ಕಾರ್ಡು ಬರೆಸವ್ವ, ನಿನ್ನ ಮಗ್ಗ ನಿನಗೇ ಇರುತ್ತದೆ ಎಂದೆ. ಹಾಗೆ ಹೇಳುವ ಅಧಿಕಾರ ನನಗಿಲ್ಲ, ತಮಗಿದೆ. ಅವಳು ನಂಬಿಕೊಂಡು ಮನೆಗೆ ಹೋದಳು. ಸೋಮವಾರದೊಳಗೆ ನನ್ನ ಮಾತನ್ನು ನಿಜ ಮಾಡಿ.

ಇಂತಿ,
ತಮ್ಮ ಅಧಿಕಾರವನ್ನು ತಮ್ಮನ್ನು ಕೇಳದೆ ಒಂದು ಸಲ ಬಳಸಿಕೊಂಡ
ನರಸಯ್ಯ, ಶೆಡ್ಡಿನ ಮೇಸ್ತ್ರಿ