ಮಾಂತೂನ ಕೌದಿ

ಧಾರವಾಡ
೮-೨-೧೯೬೩

ಮಾಂತೂನ ಅಪ್ಪನವರಿಗೆ ನಮಸ್ಕಾರಗಳು.

ನಮ್ಮನ್ನು ದವಾಖಾನೆಗೆ ತಂದುಬಿಟ್ಟ ಬಿದಿರಿನ ಲಾರಿಯ ಲುಯಿಸ್ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಜೋಯಿಡಾ ಕ್ಯಾಂಪಿನಿಂದ ಅದೇ ಲಾರಿ ಹತ್ತಿ ಬರ್ರಿ. ನಿದ್ದೆಗೆಟ್ಟ ಕೈ, ಅಕ್ಷರ ಸೊಟ್ಟಗಿವೆ.

ಕೂಸಿನ ಹೊಟ್ಟೆನೋವು ಯಾತಕ್ಕೆಂದು ನೋಡಲು ಕೆಳಗಿನಿಂದ ಕರುಳಿನೊಳಗೆ ಬಿಳಿ ಔಷಧ ಏರಿಸಿ ಎಕ್ಸ್‌ರೇ ತೆಗೆದರು. ಅಲ್ಲಿಯತನಕ ಚೀರುತ್ತಿದ್ದವನು ಒಮ್ಮೆಲೇ ಸುಮ್ಮನಾದ. "ನೋಡವ್ವಾ, ಆರಾಮಾತು," ಎಂದಳು ನರ್ಸ್‌ಬಾಯಿ. ನಾನೂ ನಂಬಿದೆ. ಆಮೇಲೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತ ಬಂತು. ಕರುಳಿಗೆ ತೂತು ಬಿದ್ದು ಔಷಧವೆಲ್ಲ ಹೊಟ್ಟೆಯೊಳಗೆ ಸೋರಿದೆಯಂತೆ, ಕೊಯ್ಯಲೇಬೇಕಂತೆ.

"ಯಜಮಾನ್ರ ಸಹಿ ಬೇಕಲ್ಲವ್ವಾ," ಅಂದರು ಡಾಕ್ಟರು.

"ಅವ್ರು ಕಾಡಿನ್ಯಾಗ ಅದಾರ್ರೀ. ಅವ್ರು ಬರೂತನಾ ಕೂಸು ಕಾಯ್ತೈತೇನು? ನಾನೂ ಬಿ.ಎ. ಮಾಡೇನಿ, ಕೊಡ್ರಿಲ್ಲೆ," ಅಂದು ಸಹಿ ಮಾಡಿಬಿಟ್ಟೆ. ಸಿಟ್ಟಾಗಬ್ಯಾಡ್ರಿ.

ಈಗ ಒಳಗೆ ಒಯ್ದಿದ್ದಾರೆ. ಹಾಲು ಕುಡಿಸಬೇಡ ಅಂದಿದ್ದರಿಂದ ಎದೆ ಕಟ್ಟಿ ಸೆರಗು ತೊಯ್ಯುತ್ತಿದೆ.

ಅತ್ತೆಯವರಿಗೆ, ಕೂಸು ಮಲಗಿದೆ ಅಂತಷ್ಟೇ ಹೇಳ್ರಿ. ಅಂಬೇವಾಡಿಯ ಮನೆಯಿಂದ ಅವನ ಕೌದಿ ಮರೆಯದೆ ತರ್ರಿ. ಅವನು ಹೆಂಗೇ ಹೊರಗೆ ಬಂದರೂ ಹೊದಿಸಲು ಅದು ಬೇಕಾಗುತ್ತದೆ.

ನಿಮ್ಮ ದಾರಿ ನೋಡುತ್ತಿರುವ
ಪ್ರಭಾವತಿ