ಅಪ್ಪನ ಆಯ

ಮಂಗಳವಾರ, ಜನವರಿ ೨೦

"ತಿಂಗಳಾ ಸರ್ಕಾರದ ರೊಕ್ಕ ಬಂದ್ರ ಯಾರ್ ದುಡೀತಾರ್ರೀ? ಅಡಗಿ ರಂಗೂಬಾಯಿ ನಮ್ಮನಿ ಕೆಲಸಾ ಬಿಟ್ಟಳು ನೋಡ್ರಿ!" ಲಿಫ್ಟಿನಲ್ಲಿ ಪಕ್ಕದ ಮನೆಯ ಮಧುಕರರಾಯರು ಗೊಣಗಿದರು. ನಮ್ಮಲ್ಲಿ ಮಾತ್ರ ಆಕೆ ಎಂದಿನಂತೆ ಜೋಳದ ಭಕ್ಕರಿ ಬಡಿಯುತ್ತಿದ್ದಳು.

"ಯಾಕವ್ವಾ, ರಾಯರ ಮನಿ ಬಿಟ್ಟೀಯಂತ?" ಎಂದೆ.

"ಅವರ ಬೈಗಳಾ ಬಿಟ್ಟೀನ್ರಿ ಕಾಕಾ. ತಿಂಗಳಾ ರೊಕ್ಕ ಬರ್ತದಲ್ಲ, ಈಗ ಅಷ್ಟು ಧೈರ್ಯ ಬಂದದ."

ಊರಿಗೆ ಕತೆ ಹೇಳುತ್ತಿದ್ದ ಅಪ್ಪ ನೆನಪಾದ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದು ಮೊರ ಜೋಳ ಊರು ಕೊಡುವ ಪಾಲಾಗಿ, ಆಯವಾಗಿ ಬರುತ್ತಿತ್ತು, ಕತೆ ಹೇಳಿದರೂ ಹೇಳದಿದ್ದರೂ. ಆದರೂ ಜ್ವರ ಬಂದಾಗಲೂ ಕಂಬಳಿ ಹೊದ್ದು ಕತೆ ಹೇಳುತ್ತಿದ್ದ. ಗೌಡರ ಕಟ್ಟೆಗೆ ಮಾತ್ರ ಹೋಗುತ್ತಿರಲಿಲ್ಲ. ಕತೆಯ ನಡುವೆ ಅವರು ಕಾಲು ಒತ್ತೆನ್ನುತ್ತಿದ್ದರು.

ಮೊನ್ನೆ ಚಹಾ ಆರಿದ್ದಕ್ಕೆ ನಾನೂ ರಂಗೂಬಾಯಿಯ ಮೇಲೆ ರೇಗಿದ್ದೆ. ಇಂದೇನೋ ಬಂದಳು. ನಾಳೆ ಬಾಗಿಲು ತೆರೆದ ಕೂಡಲೇ ಮೊದಲು ನಾನೇ "ತಪ್ಪಾತವ್ವಾ" ಅನ್ನಬೇಕು.